ಮನೆಕೆಲಸ ಯಾರು ಮಾಡಬೇಕು

ರಾತ್ರಿ ಶಾಲೆಯ ಮೇಷ್ಟ್ರು ಚನ್ನಪ್ಪನವರು ಮೊದಲನೇ ವಾರವೇ ಒಂದು ಪ್ರಶ್ನೆ ಕೇಳಿ ಕೆಟ್ಟರು.

"ಎಲ್ಲರೂ ಮನೆಕೆಲಸ ಮಾಡ್ಕೊಂಡು ಬಂದಿದೀರಾ?"

ನಾವು ಹೆಂಗಸರೆಲ್ಲ ಒಟ್ಟಿಗೆ ಹೂಂ ಅಂದೆವು. ಮಾಡದೆ ಬರುವುದಕ್ಕೆ ಯಾರ ಮನೆಯಲ್ಲಿ ಬಿಡುತ್ತಾರೆ. ಒಬ್ಬಳು ಪಾತ್ರೆ ಉಜ್ಜಿ ಬಂದಿದ್ದಳು. ಒಬ್ಬಳು ಮುದ್ದೆ ತೊಳಸಿ, ಗಂಡನಿಗೆ ಬಡಿಸಿ, ಬೈಸಿಕೊಂಡು ಬಂದಿದ್ದಳು. ನಾನು ಮಾರನೇ ದಿನದ ಸೊಪ್ಪನ್ನೂ ಸೋಸಿಟ್ಟು ಬಂದಿದ್ದೆ. ಸ್ಲೇಟು ತೋರಿಸಿ ಎಂದರು ಮೇಷ್ಟ್ರು. ಸ್ಲೇಟುಗಳೆಲ್ಲ ಬೋಳು. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು, ಶಾಲೆಯಲ್ಲಿ ಮನೆಕೆಲಸ ಅಂದರೆ ಮನೆಯಲ್ಲಿ ಕೂತು ಬರೆಯುವುದು, ತಿದ್ದುವುದು ಎಂದು ಬಿಡಿಸಿ ಹೇಳಿದರು.

ನನ್ನ ಪಕ್ಕ ಕೂತಿದ್ದ ನಜ್ಮುನ್ನೀಸಾ ಕೈಯೆತ್ತಿದಳು. "ಸಾರ್, ಬರೆಯೋದು ಮನೆಕೆಲಸ ಆದ್ರೆ, ಪಾತ್ರೆ ತೊಳೆಯೋದಕ್ಕೆ ಏನಂತಾರೆ?"

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಒಳ್ಳೆಯ ಮನುಷ್ಯ. ಉತ್ತರ ಮಾತ್ರ ಸಿಗಲಿಲ್ಲ.

ಆ ಉತ್ತರವನ್ನು ಈಗ ನನ್ನ ಮೊಮ್ಮಗಳು ತೇಜಸ್ವಿನಿಯ ಶಾಲೆಯವರು ಕಂಡುಹಿಡಿದರು. ಎರಡೂ ಒಂದೇ ಎಂದು.

ತೇಜು ನಾಲ್ಕನೇ ಕ್ಲಾಸು. ಏರ್‌ಪೋರ್ಟ್ ರೋಡಿನ ಆಚೆ ಬದಿಯ ಒಂದು ಇಂಗ್ಲಿಷ್ ಶಾಲೆ. ಹೆಸರು ಹೇಳುವುದಿಲ್ಲ. ಬೋರ್ಡು ಅದರ ಆಟದ ಮೈದಾನಕ್ಕಿಂತ ದೊಡ್ಡದಿದೆ. ಅಲ್ಲಿ ಪ್ರತಿ ಕ್ಲಾಸಿನಲ್ಲೂ ಒಂದಿಷ್ಟು ಧರ್ಮದ ಸೀಟು. ವಾಚ್‌ಮನ್, ಇಸ್ತ್ರಿಯವನು, ನನ್ನಂಥ ಮನೆಗೆಲಸದವರು, ಇಂಥವರ ಮನೆಯ ಮಕ್ಕಳಿಗೆ ಫೀಸಿಲ್ಲ. ನಮಗೆ ಆ ಸೀಟು ಕೊಡಿಸಿದವರು ಪದ್ಮಶ್ರೀ ಮೇಡಂ. ಅವರು ಆ ಶಾಲೆಯ ಕೋಆರ್ಡಿನೇಟರ್. ಕೆಂಪಾಪುರದ ಅಪಾರ್ಟ್‌ಮೆಂಟಿನ ಅವರ ಮನೆಯಲ್ಲಿ ನಾನು ಪಾತ್ರೆ, ಕಸ, ನೆಲದ ಕೆಲಸಕ್ಕಿದ್ದೆ. ಸೀಟು ಸಿಕ್ಕಿದ ದಿನದಿಂದ ಬಾಲ್ಕನಿ ತೊಳೆಯುವುದೂ ನನ್ನ ಪಾಲಿಗೆ ಬಂತು. ಆಮೇಲೆ ಕಿಟಕಿಯ ಸರಳು ಬಂತು. ಆಮೇಲೆ ಫ್ಯಾನು. ಅವರು ಕೇಳಿ ಮಾಡಿಸಲಿಲ್ಲ. ಸುಮ್ಮನೆ ಬಟ್ಟೆ ಕೈಗೆ ಕೊಟ್ಟರು.

ಆ ಅಪಾರ್ಟ್‌ಮೆಂಟು ಎದ್ದಿರುವುದು ಬಿಲ್ಡರ್ ನರಸಿಂಹಯ್ಯನವರ ಹಳೆಯ ಹೊಲದಲ್ಲಿ. ಅಲ್ಲಿ ಅವರ ದನದ ಕೊಟ್ಟಿಗೆಯಿತ್ತು. ಅದನ್ನು ನಮ್ಮಜ್ಜಿ ಗುಡಿಸಿದಳು. ನಮ್ಮವ್ವ ಗುಡಿಸಿದಳು. ಅದೇ ಜಾಗದ ಟೈಲ್ಸನ್ನು ನಾನು ಗುಡಿಸಿದೆ. ಸಗಣಿ ಹೋಗಿ ಫಿನಾಯಿಲು ಬಂತು. ಊರು ಅಷ್ಟು ಮುಂದುವರಿಯಿತು.

ಅದಕ್ಕೇ ತೇಜು ಹುಟ್ಟಿದಾಗ ಮನೆಯಲ್ಲಿ ಒಂದು ಕಟ್ಟು ಮಾಡಿದ್ದೆ. ಈ ಕೂಸು ಪೊರಕೆ ಮುಟ್ಟಕೂಡದು. ಅವಳು ತಿಂದ ತಟ್ಟೆಯನ್ನೂ ನಾನೇ ತೊಳೆಯುತ್ತೇನೆ. ವಠಾರದವರು ಆಡಿಕೊಳ್ಳುತ್ತಾರೆ. "ಏನ್ ಪಿಳ್ಳಕ್ಕ, ಮಹಾರಾಣಿನ ಸಾಕ್ತಿದೀಯ?"

"ಊಂ ಕಣೇ. ನಿನ್ನೇನ್ ಅರಮನೆ ಬಾಡಿಗೆ ಕೇಳಿದ್ನ?" ಅನ್ನುತ್ತೇನೆ.

ಆ ಶಾಲೆಯ ಹೋಂವರ್ಕು ಮಕ್ಕಳಿಗೆ ಕೊಡುವುದಲ್ಲ, ಅಪ್ಪ ಅಮ್ಮಂದಿರಿಗೆ ಕೊಡುವುದು. ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡಿ. ಅಪ್ಪನ ಜೊತೆ ಸಲಾಡ್ ಮಾಡಿ ಫೋಟೋ ಕಳಿಸಿ. ನಿಮ್ಮ ಓದುವ ಕೋಣೆಯ ಬಗ್ಗೆ ಬರೆಯಿರಿ. ನಮಗಿರುವುದು ಒಂದೇ ಕೋಣೆ. ಅದೇ ಅಡುಗೆಮನೆ, ಅದೇ ಮಲಗುವ ಮನೆ, ಮೂಲೆಯ ಪರದೆ ಎಳೆದರೆ ಅದೇ ಬಚ್ಚಲು. ತೇಜು ಇದ್ದದ್ದನ್ನು ಇದ್ದ ಹಾಗೆ ಬರೆದಳು. ನನ್ನ ಓದುವ ಕೋಣೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ, ನಮ್ಮ ಅಪ್ಪ ಮಲಗಿದ್ದಾರೆ. ಮಿಸ್ಸು ಅದಕ್ಕೆ ಕೆಂಪು ಗೀಟು ಹಾಕಿದರು.

ಹೋಂವರ್ಕು ಬರುವುದು ಫೋನಿಗೆ. ಫೋನಿರುವುದು ಅಳಿಯ ಮುರುಗೇಶನ ಜೇಬಿನಲ್ಲಿ. ಅವನು ಯಶವಂತಪುರ ಮಾರ್ಕೆಟ್ಟಿನಲ್ಲಿ ಟೆಂಪೋ ಓಡಿಸುತ್ತಾನೆ. ಮಗಳು ಪ್ರತಿಭಾ ಗೊರಗುಂಟೆಪಾಳ್ಯದ ಆಚೆ ಗಾರ್ಮೆಂಟ್ಸಿನಲ್ಲಿ ಹೆಲ್ಪರ್. ದಿನವಿಡೀ ನಿಂತು ದಾರ ಕತ್ತರಿಸುತ್ತಾಳೆ, ಬಟ್ಟೆಯ ಬಂಡಲ್ ಹೊರುತ್ತಾಳೆ. ಅವಳು ಕಾಲೆಳೆದುಕೊಂಡು ಮನೆಗೆ ಬರುವ ಹೊತ್ತಿಗೆ ತೇಜುವಿಗೆ ತೂಕಡಿಕೆ.

ಒಂದು ಸಲ ಬಗೆಬಗೆಯ ಎಲೆ ಅಂಟಿಸಿ ತರಬೇಕೆಂದು ಬಂತು. ಮುರುಗೇಶನಿಗೆ ಎಲ್ಲಿಲ್ಲದ ಹುರುಪು. ಇಷ್ಟು ದಿನಕ್ಕೆ ತನಗೆ ಗೊತ್ತಿರುವ ಪಾಠ ಬಂತಲ್ಲ ಎಂದು ಮಾರ್ಕೆಟ್ಟಿನಿಂದ ಮೆಂತ್ಯ, ಸಬ್ಬಸಿಗೆ, ಪಾಲಕ್, ಪುದೀನ ಎಲ್ಲ ತಂದ. ಕೂತು ಅಂಟಿಸಿದೆವು. ಬೆಳಗಾಗುವ ಹೊತ್ತಿಗೆ ಪುಸ್ತಕ ಹಳಸಿದ ಬಸ್ಸಾರಿನ ಹಾಗೆ ನಾರುತ್ತಿತ್ತು.

"ಒಂದಿಷ್ಟು ಬೇಳೆ ಹಾಕಿದ್ರೆ ಊಟಕ್ಕಾದ್ರೂ ಆಗ್ತಿತ್ತಲ್ಲ ಅತ್ತೆ" ಅಂದ ಮುರುಗೇಶ.

ಬೇರೆ ಮಕ್ಕಳು ಅಂಗಡಿಯಿಂದ ಎಲೆಯ ಚಿತ್ರ ತಂದು ಅಂಟಿಸಿದ್ದರು. ಚಿತ್ರಕ್ಕೆ ಸ್ಟಾರು. ಎಲೆಗೆ ಕೆಂಪು ಗೀಟು.

ಇಷ್ಟಕ್ಕೆಲ್ಲ ನಾನು ನಗುತ್ತಿದ್ದೆ. ಕೆಂಪು ಗೀಟಿನಿಂದ ಯಾರ ಹೊಟ್ಟೆಯೂ ಉರಿಯುವುದಿಲ್ಲ.

ಒಂದು ಸಂಜೆ ತೇಜು ಮಂಡಕ್ಕಿ ತಿನ್ನುತ್ತ ಕೂತಿದ್ದವಳು ನನ್ನ ಬಾಯಿಗೂ ಒಂದು ಹಿಡಿ ತುರುಕಿದಳು. ಅವಳ ಬೆರಳು ಘಾಟು ಹೊಡೆಯಿತು.

"ಏನೇ ಇದು, ಕೈ ಇಂಗೆ ನಾರ್ತೈತೆ?"

"ಸ್ಯಾನಿಟೈಸರ್ ಅಜ್ಜಿ."

ಫಿನಾಯಿಲಿನ ವಾಸನೆಯನ್ನು ನನಗೆ ಹೇಳಿಕೊಡುತ್ತಾಳೆ. ನನ್ನ ಬೆರಳ ಸಂದಿಯ ಚರ್ಮ ತಿಂದದ್ದೇ ಅದು. ಅವಳ ಕೈ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದೆ. ಅಂಗೈ ಕೆಂಪಗೆ ಸುಲಿದ ಹಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ. ಪೆನ್ಸಿಲು ಹಿಡಿದರೆ ಅಲ್ಲಿ ಬೊಬ್ಬೆ ಏಳುವುದಿಲ್ಲ. ನೆಲ ಒರೆಸುವ ಕೋಲು ಹಿಡಿದರೆ ಏಳುತ್ತದೆ. ನನಗೂ ಅಲ್ಲೇ ಇದೆ.

"ಯಾರೇ ಒರೆಸ್ಸಿದ್ದು ನಿನ್ ಕೈಲಿ?"

ಅವಳು ಬೈಸಿಕೊಂಡ ಮುಖ ಮಾಡಲಿಲ್ಲ. ಬ್ಯಾಗಿನೊಳಗೆ ಕೈ ಹಾಕಿ ಒಂದು ಹಳದಿ ಬ್ಯಾಡ್ಜು ತೆಗೆದು ಎದೆಗೆ ಹಿಡಿದುಕೊಂಡಳು. "ನೋಡಜ್ಜಿ. ನಾನೂ ಹೆಲ್ಪರ್. ಅಮ್ಮನ ಕಾರ್ಡಲ್ಲಿ ಐತಲ್ಲ, ಹಂಗೇ."

ನಿಜ. ಪ್ರತಿಭಾಳ ಫ್ಯಾಕ್ಟರಿ ಕಾರ್ಡಿನಲ್ಲಿರುವುದೂ ಅದೇ ಪದ. ಕೂಸು ಅದನ್ನು ದೊಡ್ಡ ಪದವಿ ಎಂದುಕೊಂಡಿತ್ತು.

ಆಮೇಲೆ ಎಲ್ಲ ಹೇಳಿದಳು. ಕ್ಲಾಸಿನ ಬೋರ್ಡಿನಲ್ಲಿ ನಡುವೆ ಗೀಟೆಳೆದು ಹೆಸರು ಬರೆಯುತ್ತಾರಂತೆ. ಈ ಕಡೆ ಮನೆಯಲ್ಲಿ ಸಪೋರ್ಟ್ ಇರುವವರು, ಆ ಕಡೆ ಸಪೋರ್ಟ್ ಇಲ್ಲದವರು. ಇಲ್ಲದವರು ಊಟದ ಬೆಲ್ಲಾದ ಮೇಲೆ ಕ್ಲಾಸು ಗುಡಿಸಿ, ಒರೆಸಿ, ಆಮೇಲೆ ಉಣ್ಣಬೇಕು.

"ಮಿಸ್ ಹೇಳಿದ್ರು, ಮನೇಲಿ ಹೋಂವರ್ಕ್ ಮಾಡ್ದಿದ್ರೆ ಇಲ್ಲಿ ಮನೆಕೆಲಸ ಮಾಡಿ ಅಂತ. ಎಲ್ಲಾರೂ ನಕ್ಕರು. ನಾನೂ ನಕ್ಕೆ ಅಜ್ಜಿ."

"ಆಮೇಲೆ?"

"ಆಮೇಲೇನಿಲ್ಲ. ಮೂಲೆಯೆಲ್ಲಾ ನೀಟಾಗಿ ಒರೆಸ್ತೀಯ, ಮನೇಲಿ ಮಾಡಿ ಅಭ್ಯಾಸ ಇರ್ಬೇಕು ಅಂದ್ರು."

ಅಭ್ಯಾಸ ಇರಲಿಲ್ಲ. ನಮ್ಮ ಮನೆಯಲ್ಲಿ ಅವಳು ತಟ್ಟೆ ಎತ್ತಿದವಳಲ್ಲ. ನಮ್ಮ ಕುಲದಲ್ಲಿ ಪೊರಕೆ ಹಿಡಿಯಲು ಬಾರದ ಮೊದಲ ಹೆಣ್ಣು ಅವಳು. ಶಾಲೆಗೆ ಕಳಿಸಿ ಕಲಿಸಿದೆವು.

ನಜ್ಮುನ್ನೀಸಾ ಈಗ ಅದೇ ಶಾಲೆಯಲ್ಲಿ ಆಯಾ. ಮಾರನೇ ದಿನ ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಅವಳನ್ನು ಹಿಡಿದೆ. ಅವಳು ಸೆರಗಿನ ತುದಿ ತಿರುವುತ್ತ ನಿಂತಳು.

"ಮೊದ್ಲು ಇಬ್ರು ಆಯಾ ಇದ್ವಿ ಪಿಳ್ಳಮ್ಮ. ದಸರಾ ಆದ್ಮೇಲೆ ಒಬ್ಳನ್ನ ಬಿಡಿಸಿದ್ರು. ಮಹಡಿ ನಂಗೆ ಬಿಟ್ರು. ಕೆಳಗಿಂದು ಈ ಮಕ್ಕಳಿಗೆ."

"ನೀನ್ಯಾಕೆ ಬಾಯ್ ಬಿಡ್ಲಿಲ್ಲ?"

"ಬಿಟ್ರೆ ಮಹಡಿನೂ ಮಕ್ಕಳಿಗೇ ಹೋಗ್ತದೆ."

"ಬ್ಯಾಡ್ಜ್ ಯಾರ್ಯಾರಿಗೆ ಕೊಟ್ಟವ್ರೆ?"

"ಎಲ್ಲಾ ನಿಮ್ ವಠಾರದೋವೇ. ನರಸಿಂಹಯ್ಯನವರ ಮೊಮ್ಮಗ ಒಂದಿನಾನೂ ಹೋಂವರ್ಕ್ ತಂದೋನಲ್ಲ. ಅವ್ನಿಗೆ ಬ್ಯಾಡ್ಜ್ ಇಲ್ಲ."

ಪ್ರತಿಭಾಗೆ ಹೇಳಿದರೆ ಅವಳು ಚಪ್ಪಲಿ ಬಿಚ್ಚುತ್ತಲೇ ಬೇಡವೆಂದಳು. "ಸುಮ್ನಿರಮ್ಮ. ಮಾತಾಡಿದ್ರೆ ಸೀಟ್ ಕಿತ್ಕೋತಾರೆ. ಸ್ವಲ್ಪ ದಿನ ಗುಡಿಸಿದ್ರೆ ಏನಾಯ್ತು? ನಾವೆಲ್ಲ ಗುಡಿಸ್ಲಿಲ್ವ?"

"ಗುಡಿಸಿದ್ವಲ್ಲ. ಸಾಕಾಗ್ಲಿಲ್ವ?"

ಅವಳು ತೇಜುವಿನ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತಳು. ಕೊನೆಗೆ, "ಶನಿವಾರ ಶಾಲೇಲಿ ಮೀಟಿಂಗ್ ಐತೆ. ಪೇರೆಂಟ್ಸು ಹೋಂವರ್ಕಿಗೆ ಎಂಗೆ ಸಪೋರ್ಟ್ ಮಾಡ್ಬೇಕು ಅಂತ ಹೇಳ್ಕೊಡ್ತಾರಂತೆ. ನಂಗೆ ರಜಾ ಸಿಕ್ಕಲ್ಲ. ನೀನ್ ಹೋಗು. ಬಾಯಿ ಮಾತ್ರ ಬಿಡ್ಬೇಡ" ಅಂದಳು.

ಹೋದೆ. ನಮಗೆ ಹಿಂದಿನ ಸಾಲು. ಬಿಸ್ಕತ್ತು ಮುಂದಿನ ಸಾಲಿನಲ್ಲೇ ಮುಗಿದುಹೋಯಿತು. ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟಿದ್ದರು. ಅದರಲ್ಲಿ ಅಪ್ಪ, ಅಮ್ಮ, ಮಗು, ಒಂದು ನಾಯಿ, ಎಲ್ಲರೂ ಮೇಜಿನ ಸುತ್ತ ಕೂತು ಹೋಂವರ್ಕು ಮಾಡುತ್ತಿದ್ದರು. ನಾಯಿಗೂ ಕುರ್ಚಿಯಿತ್ತು.

ಪದ್ಮಶ್ರೀ ಮೇಡಂ ಮೈಕು ಹಿಡಿದರು. ಚೆನ್ನಾಗಿಯೇ ಮಾತಾಡಿದರು, ಸುಳ್ಳು ಹೇಳಬಾರದು.

"ನೋಡಿ, ಹೋಂವರ್ಕ್ ಮಗುವಿನ ಜವಾಬ್ದಾರಿ. ದಯವಿಟ್ಟು ನೀವು ಮಾಡ್ಕೊಡ್ಬೇಡಿ. ಜಸ್ಟ್ ಪಕ್ಕದಲ್ಲಿ ಕೂತ್ಕೊಳ್ಳಿ. ನಾನಿದೀನಿ ಅನ್ನೋ ಧೈರ್ಯ ಕೊಡಿ. ತಪ್ಪಾದ್ರೆ ಗದರ್ಬೇಡಿ. ಇನ್ನೊಂದ್ಸಲ ನೋಡೋಣ್ವಾ ಅನ್ನಿ. ಹೇಗೆ ಬಂತು ಅನ್ನೋದಲ್ಲ, ಎಷ್ಟು ಪ್ರಯತ್ನ ಪಟ್ರು ಅನ್ನೋದನ್ನ ಹೊಗಳಿ."

ಪ್ರಶ್ನೆ ಇದ್ದರೆ ಕೇಳಿ ಅಂದರು. ನಾನು ಎದ್ದೆ. ಪ್ರತಿಭಾ ಬಾಯಿ ಬಿಡಬೇಡ ಅಂದದ್ದು ನೆನಪಿತ್ತು. ಆದರೂ ಎದ್ದೆ.

"ಅಂದ್ರೆ ಮೇಡಂ, ಮನೆಕೆಲಸ ಯಾರ್ದೋ ಅವ್ರೇ ಮಾಡ್ಬೇಕು. ಇನ್ನೊಬ್ರು ಮಾಡ್ಕೊಡ್ಬಾರ್ದು. ಅಲ್ವ?"

"ಎಕ್ಸಾಕ್ಟ್ಲಿ. ಪಿಳ್ಳಮ್ಮ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದಾರೆ ನೋಡಿ. ನೀವು ಬಂದಿದ್ದು ಖುಷಿಯಾಯ್ತು. ಎಲ್ರೂ ಒಂದು ಚಪ್ಪಾಳೆ ಕೊಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನರಸಿಂಹಯ್ಯನವರ ಸೊಸೆಯೂ ಬಳೆ ಸದ್ದು ಮಾಡಿದಳು. ಮೇಡಂ ಮನೆಯಲ್ಲಿ ನಾನು 'ನೀನು', ಮೀಟಿಂಗಿನಲ್ಲಿ ನಾನು 'ನೀವು'. ಮೈಕಿಗೆ ಅಷ್ಟು ಶಕ್ತಿಯಿದೆ.

ಭಾನುವಾರ ವಠಾರದಲ್ಲಿ ಬಾಗಿಲು ಬಾಗಿಲಿಗೆ ಹೋದೆ. ಇಸ್ತ್ರಿಯವನ ಹೆಂಡತಿಗೆ ವಿಷಯವೇ ಗೊತ್ತಿರಲಿಲ್ಲ. ಬ್ಯಾಡ್ಜು ಕೊಟ್ಟಿದ್ದಾರೆಂದು ಮಗನ ಫೋಟೋ ತೆಗೆದು ಊರಿಗೆ ಕಳಿಸಿದ್ದಳು. ನಾನು ಹೇಳಿದ ಮೇಲೆ ಬ್ಯಾಡ್ಜು ತಂದು ನನ್ನ ಕೈಗೆ ಎಸೆದಳು. ವಾಚ್‌ಮನ್ ಮಾತ್ರ, "ಅಜ್ಜಿ, ನಂ ಕೆಲ್ಸಕ್ಕೆ ತೊಂದ್ರೆ ಆಗಲ್ಲ ತಾನೆ?" ಎಂದು ಬಾಗಿಲು ಅರ್ಧ ಮುಚ್ಚಿಕೊಂಡೇ ಕೇಳಿದ. ಗೊತ್ತಿಲ್ಲ ಕಣಪ್ಪ ಅಂದೆ. ಅವನ ಮಗಳು ಅವನ ಕಾಲಿನ ಸಂದಿಯಿಂದ ಕೈ ಚಾಚಿ ಬ್ಯಾಡ್ಜು ಕೊಟ್ಟಿತು.

ಎಲ್ಲವನ್ನೂ ನನ್ನ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡೆ.

ಸೋಮವಾರ ಬೆಳಗ್ಗೆ ಮೇಡಂ ಮನೆಗೆ ಹೋದೆ. ಹಿಂದಿನ ದಿನ ನೆಂಟರು ಬಂದಿದ್ದರು. ಸಿಂಕು ತುಂಬಿ ಕಟ್ಟೆಯ ಮೇಲೆಲ್ಲ ಪಾತ್ರೆ. ನಾನು ಡೈನಿಂಗ್ ಟೇಬಲ್ಲಿನ ಕುರ್ಚಿಯೊಂದನ್ನು ಎಳೆದು ತಂದು ಸಿಂಕಿನ ಪಕ್ಕ ಹಾಕಿಕೊಂಡು ಕೂತೆ. ಅಷ್ಟು ವರ್ಷ ಒರೆಸಿದ ಕುರ್ಚಿ. ಕೂತದ್ದು ಅವತ್ತೇ. ಮೆತ್ತಗಿತ್ತು.

ಮೇಡಂ ತಲೆಗೆ ಟವೆಲು ಸುತ್ತಿಕೊಂಡು ಬಂದವರು ನಿಂತುಬಿಟ್ಟರು. "ಏನ್ ಪಿಳ್ಳಮ್ಮ, ಹುಷಾರಿಲ್ವ?"

"ಚೆನ್ನಾಗಿದೀನಿ ಮೇಡಂ. ನೀವ್ ಶುರು ಮಾಡಿ."

"ಏನ್ ಶುರು ಮಾಡ್ಲಿ?"

"ಮನೆಕೆಲಸ. ಯಾರ್ದೋ ಅವ್ರೇ ಮಾಡ್ಬೇಕು ಅಂದ್ರಲ್ಲ. ನಾನ್ ಪಕ್ದಲ್ ಕೂತಿರ್ತೀನಿ. ಸಪೋರ್ಟು."

ಅವರು ನಕ್ಕರು. ನಾನು ನಗಲಿಲ್ಲ. ಅವರ ನಗು ಮೆಲ್ಲಗೆ ಇಳಿಯಿತು. "ತಮಾಷೆ ಸಾಕು. ಟಿಫಿನ್ ಬಾಕ್ಸ್ ಬೇಕು, ಕುಕ್ಕರ್ ಬೇಕು, ನಂಗೆ ಲೇಟಾಗ್ತಿದೆ. ಏಳು."

"ನಾನಿದೀನಿ ಮೇಡಂ. ಧೈರ್ಯವಾಗಿ ಮಾಡಿ."

ಅವರ ಮುಖ ಕೆಂಪಾಯಿತು. ನೈಟಿಯ ತೋಳು ಮೇಲೆ ಸರಿಸಿ ಸಿಂಕಿಗೆ ಕೈ ಹಾಕಿದರು. ಕೋಪಕ್ಕೇ ಉಜ್ಜಿದರು. ಕುಕ್ಕರು ದಡಬಡ ಎಂದಿತು. ನಾನು ಪಕ್ಕದಲ್ಲಿ ಕೂತು ನೋಡಿದೆ.

"ಎಷ್ಟ್ ಪ್ರಯತ್ನ ಪಡ್ತಿದೀರಾ ಮೇಡಂ. ಭಾಳ ಚೆನ್ನಾಗ್ ಐತೆ."

ಅವರು ಹಲ್ಲು ಕಚ್ಚಿಕೊಂಡು ಕುಕ್ಕರನ್ನು ಬೋರಲು ಹಾಕಿದರು.

"ಇನ್ನೊಂದ್ಸಲ ನೋಡೋಣ್ವಾ? ತಳದಾಗೆ ಅನ್ನ ಹಂಗೇ ಐತೆ."

ಒಳಗಿನಿಂದ ಅವರ ಯಜಮಾನರು ಅಶ್ವತ್ಥ್ ಕಾಫಿ ಆಯ್ತಾ ಎಂದು ಕೇಳುತ್ತ ಅಡುಗೆಮನೆಯ ಬಾಗಿಲಿಗೆ ಬಂದರು. ಕುರ್ಚಿಯ ಮೇಲೆ ನಾನು. ಸಿಂಕಿನಲ್ಲಿ ಮೇಡಂ. ಅವರು ಏನನ್ನೋ ಮರೆತವರ ಹಾಗೆ ತಿರುಗಿ ಹೋಗಿ ಬಾಗಿಲು ಹಾಕಿಕೊಂಡರು. ಆ ಮನುಷ್ಯ ಮನೆಯಲ್ಲಿ ಕೂತೇ ಆಫೀಸು ಮಾಡುತ್ತಾರೆ. ಅದಕ್ಕೇನನ್ನುತ್ತಾರೋ ನನಗೆ ತಿಳಿಯದು.

ಮೇಡಂ ನಲ್ಲಿ ನಿಲ್ಲಿಸಿದರು. "ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ಇವತ್ತೇ ಬಂದಿಲ್ಲ ಮೇಡಂ."

ಚೀಲ ಬಿಚ್ಚಿ ಬ್ಯಾಡ್ಜುಗಳನ್ನೆಲ್ಲ ಕಟ್ಟೆಯ ಮೇಲೆ ಸುರಿದೆ. ಒಂದೆರಡು ಉರುಳಿ ಸಿಂಕಿನ ನೊರೆಗೆ ಬಿದ್ದವು. ಅವರಿಗೆ ಆಗ ತಿಳಿಯಿತು.

"ಓ, ಇದಾ. ಇದು ಪನಿಶ್ಮೆಂಟ್ ಅಲ್ಲ ಪಿಳ್ಳಮ್ಮ. ನಿಂಗೆ ಯಾರೋ ತಪ್ಪು ಹೇಳಿದಾರೆ. ಶ್ರಮಕ್ಕೆ ಗೌರವ ಕೊಡೋದನ್ನ ಮಕ್ಕಳಿಗೆ ಕಲಿಸ್ತಿದೀವಿ ಅಷ್ಟೆ."

ನಾನು ಬಗ್ಗಿ ಸಿಂಕಿನ ಕೆಳಗಿನ ಬಾಗಿಲು ತೆಗೆದೆ. ಅಲ್ಲಿ ಫಿನಾಯಿಲು ಬಾಟಲಿಯ ಪಕ್ಕ ನನ್ನ ಕಾಫಿ ಲೋಟವಿತ್ತು. ಯಾವತ್ತೂ ಅಲ್ಲೇ ಇರುತ್ತಿತ್ತು. ಅದನ್ನು ತೆಗೆದು ಅವರ ಲೋಟಗಳ ಜೊತೆ ಇಟ್ಟೆ.

"ಗೌರವ ಇಲ್ ಇಟ್ಟಿದ್ರಿ ಮೇಡಂ. ನಾನೇ ಎತ್ತಿ ಮೇಲಿಟ್ಟಿದೀನಿ."

ಅವರು ಲೋಟ ನೋಡಿದರು. ಮುಟ್ಟಲಿಲ್ಲ. "ನೋಡು, ಆ ಸೀಟ್ ಕೊಡಿಸಿದ್ದು ನಾನು. ಮ್ಯಾನೇಜ್ಮೆಂಟಿಗೆ ಒಂದು ಮಾತು ಹೇಳಿದ್ರೆ ಸಾಕು."

ಪ್ರತಿಭಾಳ ಮುಖ ಕಣ್ಣ ಮುಂದೆ ಬಂತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

"ಹೇಳ್ಕೊಳಿ. ಜೊತೆಗೆ ಇನ್ನೊಂದ್ ಮಾತೂ ಹೇಳಿ. ನರಸಿಂಹಯ್ಯನವ್ರ ಮೊಮ್ಮಗಂಗೂ ಒಂದ್ ಬ್ಯಾಡ್ಜ್ ಹಾಕ್ಸಿ. ಅದೂ ಹೋಂವರ್ಕ್ ತರಲ್ಲ. ಅದೂ ಗೌರವ ಕಲೀಲಿ."

"ಅದು ಹೇಗಾಗುತ್ತೆ. ಅವರ ಮನೆಯವರು ಒಪ್ಪಲ್ಲ."

ಬಾಯಿ ತಪ್ಪಿ ಬಂದ ಮಾತಲ್ಲ. ಇದ್ದ ಸಂಗತಿ. ಅವರ ಮನೆಯವರು ಒಪ್ಪುವುದಿಲ್ಲ ಎಂದು ಮೇಡಂಗೆ ಕೇಳದೆಯೇ ಗೊತ್ತಿತ್ತು. ನಮ್ಮ ಮನೆಯವರು ಒಪ್ಪುತ್ತೇವೆಂಬುದೂ ಕೇಳದೆಯೇ ಗೊತ್ತಿತ್ತು.

"ನಾನೂ ಒಪ್ಪಲ್ಲ" ಅಂದೆ.

ನಲ್ಲಿಯಿಂದ ಹನಿ ಬೀಳುತ್ತಿತ್ತು. ಮೇಡಂ ಒದ್ದೆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತಿದ್ದರು. ಒರೆಸಿಕೊಳ್ಳುವ ಬಟ್ಟೆ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

"ಇದೆಲ್ಲ ಯಾರು ಹೇಳ್ಕೊಟ್ರು ನಿಮಗೆ?"

ಆ ಮನೆಯಲ್ಲಿ ಮೈಕಿಲ್ಲದೆ ನೀವು ಎಂದದ್ದು ಅದೇ ಮೊದಲು.

"ನೀವೇ. ಶನಿವಾರ. ಚಪ್ಪಾಳೆನೂ ತಟ್ಟಿಸಿದ್ರಿ" ಎಂದು ಎದ್ದೆ. ಕುರ್ಚಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದೆ. ಅದನ್ನು ಒಳಗಿಡುವುದೂ ಮನೆಕೆಲಸವೇ.

ಅವತ್ತು ಮಧ್ಯಾಹ್ನ ಏನಾಯಿತೆಂದು ಸಂಜೆ ತೇಜು ಉಸಿರು ತೆಗೆದುಕೊಳ್ಳದೆ ಹೇಳಿದಳು. ಊಟದ ಬೆಲ್ಲಾಯಿತು. ಪೊರಕೆ ಬಾಗಿಲ ಹಿಂದಿತ್ತು. ಯಾರೂ ಏಳಲಿಲ್ಲ. ಹೆಲ್ಪರ್ಸ್ ಎಂದು ಕೂಗಿದರು ಮಿಸ್ಸು. ಬ್ಯಾಡ್ಜ್ ಇಲ್ಲ ಮಿಸ್ ಎಂದಿತು ಇಸ್ತ್ರಿಯವನ ಹುಡುಗ. ವಾಚ್‌ಮನ್ನನ ಮಗಳು ಡಬ್ಬಿ ತೆಗೆದು ಉಣ್ಣತೊಡಗಿತು. ಉಳಿದವರೂ ತೆಗೆದರು. ಮಿಸ್ಸು ನಜ್ಮುನ್ನೀಸಾಳನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತು, ನಂದು ಮಹಡಿ ಮಿಸ್, ಕೆಳಗಿಂದಕ್ಕೆ ಇನ್ನೊಬ್ಳು ಇದ್ಲಲ್ಲ, ಅವ್ಳನ್ನ ಕರೆಸಿ ಎಂದು ಹೋದಳಂತೆ. ಅವಳಿಗೂ ಅವತ್ತು ಬಾಯಿ ಬಂತು.

"ಆಮೇಲೆ ಪದ್ಮಶ್ರೀ ಮೇಡಂ ಬಂದ್ರು ಅಜ್ಜಿ. ಪೊರಕೆ ನೋಡಿದ್ರು. ನಮ್ಮನ್ ನೋಡಿದ್ರು. ಸುಮ್ನೆ ನಿಂತ್ಕೊಂಡು ಅವ್ರ ಕೈನ ಅವ್ರೇ ಮೂಸಿ ನೋಡ್ಕೊಂಡ್ರು."

"ಸೋಪಿನ್ ವಾಸ್ನೆ. ಒಂದ್ ತೊಳೆತಕ್ಕೆ ಹೋಗಲ್ಲ."

"ಕ್ಲಾಸ್ ಎಲ್ಲಾ ಗಲೀಜಾಗಿತ್ತು. ಅನ್ನ ಬಿದ್ದಿತ್ತು. ಇರುವೆ ಬಂದಿತ್ತು."

"ಬರ್ಲಿ."

"ನಾಳೆ ಸೀಟ್ ಇರುತ್ತಾ ಅಜ್ಜಿ?"

"ಗೊತ್ತಿಲ್ಲ ಕಣವ್ವ. ಇಲ್ಲ ಅಂದ್ರೆ ಎಲ್ರೂ ಹೋಗಿ ಗೇಟಲ್ಲಿ ಕೂತ್ಕೊಳೋಣ. ಇಲ್ಲಿ ಬಾ, ಕೈ ಕೊಡು."

ಎರಡು ಕೈಯನ್ನೂ ಮುಖಕ್ಕೆ ಒತ್ತಿಕೊಂಡು ಮೂಸಿದೆ. ಬೆಳಗ್ಗೆ ನಾನು ಕಲಸಿ ಕಟ್ಟಿದ ಚಿತ್ರಾನ್ನದ ನಿಂಬೆಹುಳಿಯ ವಾಸನೆ. ಇನ್ನೇನೂ ಇರಲಿಲ್ಲ.